ಒಂದೇ ಸಲ ಕೂಡಿದ ಮೇಳ
ಗದಗಿನ ಭೀಮಸೇನ ಜೋಶಿ ಗುರುವಿನ ನೆನಪಿಗೆ ಪುಣೆಯಲ್ಲಿ 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವಕ್ಕೆ ಬರುವವರ ಕಿವಿ ಬಿಗಿ. ಜುಗಲ್‌ಬಂದಿಯೆಂದರೆ ಅವರಿಗೆ ಹೆಸರುಗಳ ತೂಕಕ್ಕಿಂತ, ಒಬ್ಬರು ಹಾಡುವಾಗ ಇನ್ನೊಬ್ಬರು ಕೇಳಿಸಿಕೊಂಡರೇ ಎಂಬುದು ಮುಖ್ಯ. ಅದೇ ಅಳತೆಗೋಲನ್ನು ‘ಡರ್ಟಿ ಮ್ಯಾಕ್’ ಎಂಬ ರಾಕ್ ಮೇಳಕ್ಕೂ ಹಿಡಿಯಬಹುದು. 1968ರ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಲಂಡನ್ನಿನಲ್ಲಿ ಚಿತ್ರೀಕರಿಸಿದ, 1996ರವರೆಗೆ ಬಿಡುಗಡೆಯಾಗದ ‘ರಾಕ್ ಅಂಡ್ ರೋಲ್ ಸರ್ಕಸ್’ ಕಾರ್ಯಕ್ರಮಕ್ಕಾಗಿ ಜಾನ್ ಲೆನನ್, ಎರಿಕ್ ಕ್ಲಾಪ್ಟನ್, ಕೀತ್ ರಿಚರ್ಡ್ಸ್, ಮಿಚ್ ಮಿಚೆಲ್ ಕೂಡಿದ್ದು ಅದೊಂದೇ ಸಲ. ‘ಯರ್ ಬ್ಲೂಸ್’ ಹಾಡಿನಲ್ಲಿ ಗೆದ್ದವರು ಲೆನನ್ ಅಲ್ಲ, ಮಿಚೆಲ್: ನಡುವೆ ಲಯ ಬದಲಾದಾಗ ಇಡೀ ಮೇಳವನ್ನು ಹೆಗಲ ಮೇಲೆ ಹೊತ್ತು ದಾಟಿಸುವುದು ಅವರ ಡ್ರಮ್ಸ್. ಗಿಟಾರಿಗೆ ಹೆಸರಾದ ರಿಚರ್ಡ್ಸ್ ಬೇಸ್ ಹಿಡಿದು ತೆಪ್ಪಗಿದ್ದಾರೆ (ಅದೇ ದೊಡ್ಡ ಸಂಯಮ!). ಕ್ಲಾಪ್ಟನ್ ಗಾಯಕನ ಸಾಲು ಮುಗಿಯುವವರೆಗೆ ಕಾದು ಉತ್ತರ ಕೊಡುತ್ತಾರೆ. ಬ್ಲೂಸಿನ ಜೀವ ಇರುವುದೇ ಆ ಸವಾಲ್-ಜವಾಬಿನಲ್ಲಿ. ಆದರೆ ಯೋಕೊ ಓನೊ ಮತ್ತು ಪಿಟೀಲುವಾದಕ ಇವ್ರಿ ಗಿಟ್ಲಿಸ್ ಸೇರಿಕೊಂಡ ಮುಂದಿನ ತುಣುಕಿನಲ್ಲಿ ಪಿಟೀಲಿನದೊಂದು ದಾರಿ, ಓನೊ ಅವರ ಕೂಗಿನದೊಂದು ದಾರಿ. ಪುಣೆಯ ಹಿರಿಯ ರಸಿಕರು ಅಷ್ಟು ಹೊತ್ತಿಗೆ ಚಹಾ ಕುಡಿಯಲು ಎದ್ದಿರುತ್ತಿದ್ದರು.