ರೇಡಿಯೇಟರ್ ನೀರು ಕೆಂಪಾದರೆ ಎಂಜಿನ್ ಬಿಚ್ಚಬೇಕೆ?

ಹಳೇ ಕಾರಿನ ರೇಡಿಯೇಟರಿನಲ್ಲಿ ಬಣ್ಣಗೆಟ್ಟ ನೀರು ಕಂಡರೆ ಸಾಕು, ನಮ್ಮ ಗ್ಯಾರೇಜುಗಳಲ್ಲಿ ಒಂದೇ ಮಾತು: "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಬಿಚ್ಚಬೇಕು." ಪರೀಕ್ಷೆಯೂ ಇಲ್ಲ, ಪುರಾವೆಯೂ ಇಲ್ಲ. ತಲೆನೋವು ಅಂತ ಹೋದವನ ನಾಡಿ ಕೂಡ ಹಿಡಿಯದೆ ತಲೆಬುರುಡೆ ತೆಗೆಯೋಣ ಅಂದ ಹಾಗಾಯ್ತು!

ನನ್ನದು 1998ರ ಮಾರುತಿ 800. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಹಾಗಾಗಿ "ಇಷ್ಟು ಹಳೇ ಗಾಡಿಗೆ ಯಾಕೆ ಸಾರ್ ದುಡ್ಡು ಹಾಕ್ತೀರ, ಗುಜರಿಗೆ ಕೊಡಿ" ಎನ್ನುವ ಉಪದೇಶವೂ ಪುಕ್ಕಟೆ ಸಿಕ್ಕಿತು. ನಾನು ಹೇಳಿದ್ದು ಇಷ್ಟೇ: ಮೊದಲು ತೋರಿಸಿ, ಆಮೇಲೆ ಬಿಚ್ಚಿ. ಆ ನೀರನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ತಳದಲ್ಲಿ ಕೆಂಪು ಪುಡಿ ಕೂತಿತ್ತು, ಮೇಲೆ ಎಣ್ಣೆಯ ಒಂದು ಹನಿಯೂ ಇಲ್ಲ. ಬೇರೆ ಕಡೆ ಗ್ಯಾಸ್ ಪರೀಕ್ಷೆ ಮಾಡಿಸಿದೆ, ಅದರಲ್ಲೂ ಏನೂ ಇಲ್ಲ. ಬರೀ ತುಕ್ಕು ಸ್ವಾಮಿ!

ಪತ್ತೆ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಮುಚ್ಚಳ ತೆಗೆಯಿರಿ, ಬಿಸಿ ಇದ್ದಾಗ ತೆಗೆದರೆ ಮುಖ ಬೇಯುತ್ತದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ತಳದಲ್ಲಿ ಪುಡಿ ಕೂತರೆ ತುಕ್ಕು. ಹಾಲು ಬೆರೆಸಿದ ಕಾಫಿಯಂತೆ ಜಿಡ್ಡು ಜಿಡ್ಡಾಗಿದ್ದರೆ ಎಣ್ಣೆ ಬೆರೆತಿದೆ. ಆಗಲೂ ಗ್ಯಾಸ್ಕೆಟ್ಟೇ ಅಪರಾಧಿ ಎನ್ನುವ ಹಾಗಿಲ್ಲ, ಆಯಿಲ್ ಕೂಲರ್ ಇರುವ ಗಾಡಿಗಳಲ್ಲಿ ಅದು ತೂತಾದರೂ ಹೀಗೇ ಆಗುತ್ತದೆ. ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ಕೂಡ ನೋಡಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ನೊರೆ ಕಂಡ ಮಾತ್ರಕ್ಕೆ ಗಾಬರಿ ಬೇಡ, ಬರೀ ಹತ್ತಿರದ ಓಡಾಟವಿದ್ದರೆ ಗಾಳಿಯ ತೇವದಿಂದಲೂ ಅದು ಬರುತ್ತದೆ.

ಎಣ್ಣೆ ಇಲ್ಲದೆಯೂ ಗ್ಯಾಸ್ಕೆಟ್ ಸೋರಬಹುದು, ನಿಜ. ಅದಕ್ಕೇ ಗ್ಯಾಸ್ ಪರೀಕ್ಷೆ ಇರುವುದು. ರೇಡಿಯೇಟರ್ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಹೊಗೆ ಸೇರಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ನೀಲಿ ಹಳದಿಯಾಗುತ್ತದೆ. ಕೆಲವೇ ನಿಮಿಷದ ಕೆಲಸ. ಇಷ್ಟನ್ನೂ ಮಾಡದೆ ಸ್ಪ್ಯಾನರ್ ಎತ್ತಿಕೊಳ್ಳುವವನನ್ನು ಮೆಕ್ಯಾನಿಕ್ ಎನ್ನಲು ನನಗೆ ಮನಸ್ಸಿಲ್ಲ.

ಹಾಗಂತ ತಪ್ಪೆಲ್ಲ ಗ್ಯಾರೇಜಿನದೇ? ಅಲ್ಲ. "ನಮ್ಮೂರಲ್ಲೇನು ಹಿಮ ಬೀಳುತ್ತಾ, ಕೂಲಂಟ್ ಯಾಕೆ?" ಎಂದು ಬೋರ್‌ವೆಲ್ ನೀರು ಸುರಿಯುವ ಜಾಣರಿಗೂ ಒಂದು ಮಾತು. ಕೂಲಂಟ್ ಇರುವುದು ಹಿಮಕ್ಕೆ ಮಾತ್ರವಲ್ಲ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲು ಬೆರೆಸಿದರೆ ಕುದಿಬಿಂದು 100ರಿಂದ ಸುಮಾರು 107 ಡಿಗ್ರಿಗೆ ಏರುತ್ತದೆ, ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಗಡಸು ನೀರು ಹಾಕಿದರೆ ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಬಣ್ಣ ನೋಡಿ ಕೂಲಂಟ್ ಬೆರೆಸುವುದೂ ಬೇಡ, ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ.

ಇನ್ನೊಂದು ವಿಷಯ. ಹಳೇ ಕೂಲಂಟನ್ನು ರಸ್ತೆಗೆ ಚೆಲ್ಲಬೇಡಿ. ಅದು ಸಿಹಿ, ಆದರೆ ವಿಷ. ನೆಕ್ಕಿದ ಬೀದಿನಾಯಿಯ ಕಿಡ್ನಿ ಹೋಗುತ್ತದೆ.

ಹಳೇ ಗಾಡಿ ಇಟ್ಟುಕೊಂಡವರೆಲ್ಲ ಶೋಕಿಗೆ ಇಟ್ಟುಕೊಂಡಿಲ್ಲ. ಹೊಸದು ಕೊಳ್ಳಲಾಗದ್ದಕ್ಕೆ ಇಟ್ಟುಕೊಂಡವರೇ ಹೆಚ್ಚು. ಅಂಥವರ ಒಂದು ತಿಂಗಳ ಸಂಬಳವನ್ನು ಬರೀ ಊಹೆಯ ಮೇಲೆ ಬಿಚ್ಚಿಸುವುದು ಮೋಸವಲ್ಲದೆ ಮತ್ತೇನು? ನೀವೇ ಹೇಳಿ.