ಹೊರೆ ಇಳಿಸುವ ಹಬ್ಬ



ಡಿಸೆಂಬರ್ 25 ಬಂದಿತೆಂದರೆ ನಮ್ಮ ಬಾಗಲಕೋಟೆ ಸೀಮೆಯಲ್ಲಿ ದೊಡ್ಡ ಸಡಗರವೇನೂ ಕಾಣದು. ಕ್ರಿಸ್ತನನ್ನು ನಂಬಿದ ನಮ್ಮಂಥವರ ಮನೆಗಳು ಇಲ್ಲಿ ಕಡಿಮೆ. ಹಾಗೆಂದು ಈ ಹಬ್ಬ ಈ ನೆಲಕ್ಕೆ ಹೊರಗಿನದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡವನ್ನು ತಲುಪಿ, 1851ರಲ್ಲಿ ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಅದೇ ಮಿಶನ್ನಿನ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿದರು. ಹೀಗೆ ಕ್ರಿಸ್ತಜಯಂತಿಗೆ ಕನ್ನಡದ ಉಡುಗೆ ತೊಡಿಸಿ ಒಂದೂವರೆ ಶತಮಾನ ಮೀರಿದೆ.

ಈ ಹಬ್ಬದ ತಿರುಳು ‘ಬಿಡುಗಡೆ’ ಎಂದು ಪ್ರತಿವರ್ಷ ಪ್ರಸಂಗಗಳಲ್ಲಿ ಕೇಳುತ್ತೇವೆ. ಯಾವುದರಿಂದ ಬಿಡುಗಡೆ? ಲೂಕನು ಬರೆದ ಸುವಾರ್ತೆಯನ್ನು ನೋಡಿರಿ. ರಕ್ಷಕನು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ. ಇರುಳಿನಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಹೊಲದಲ್ಲಿ ಕುರಿ ನಿಲ್ಲಿಸಿ, ಕಂಬಳಿ ಹೊದ್ದು ಚಳಿಗೆ ಕುಳಿತವರನ್ನು ಕಂಡ ನಮಗೆ ಆ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವದೂತನು ಅವರಿಗೆ ಮೊದಲು ಕೊಟ್ಟದ್ದು ಉಪದೇಶವನ್ನಲ್ಲ, ಅಭಯವನ್ನು. ಮನುಷ್ಯನನ್ನು ಕಟ್ಟಿಹಾಕಿರುವ ಮೊದಲ ಹಗ್ಗ ಅಂಜಿಕೆಯೇ: ಸಾಲದ ಅಂಜಿಕೆ, ಜನ ಏನೆಂದಾರೆಂಬ ಅಂಜಿಕೆ, ಮಾಡಿದ ತಪ್ಪಿನ ಅಂಜಿಕೆ, ಸಾವಿನ ಅಂಜಿಕೆ.

ಈ ಹಗ್ಗವನ್ನು ಸ್ವಂತ ಸಾಧನೆಯಿಂದಲೇ ಬಿಚ್ಚಿಕೊಳ್ಳಬೇಕೆಂದು ನಾವು ತಿಳಿಯುತ್ತೇವೆ. ಆದರೆ ಕ್ರೈಸ್ತ ನಂಬಿಕೆ ಅಂಕ ಗಳಿಸಿ ತೇರ್ಗಡೆಯಾಗುವ ಪರೀಕ್ಷೆಯಲ್ಲ. ದಣಿದವರನ್ನೂ ಹೊರೆ ಹೊತ್ತವರನ್ನೂ ಯೇಸು ತನ್ನ ಬಳಿಗೆ ಕರೆದದ್ದು ಹೊರೆಯನ್ನು ಇಳಿಸಿಕೊಳ್ಳುವುದಕ್ಕಾಗಿ. ಕ್ಷಮೆ ಗಳಿಕೆಯಲ್ಲ, ಕೃಪೆ. ಆ ಮಾತಿನ ಬೆನ್ನಿಗೇ ಆತನು ತನ್ನ ನೊಗಕ್ಕೆ ಹೆಗಲು ಕೊಡಲು ಹೇಳುತ್ತಾನೆ. ಬಿಡುಗಡೆಯ ಮಾತಿನಲ್ಲಿ ನೊಗವೇಕೆ ಎಂದು ಪೇಟೆಯವರು ಕೇಳಬಹುದು. ಒಕ್ಕಲುತನದ ಮನೆಯಲ್ಲಿ ಬೆಳೆದವರು ಬಲ್ಲರು: ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಹೂಡಿ ಕಲಿಸುತ್ತಾರೆ. ಭಾರವನ್ನು ಎಳೆಯುವುದು ಪಳಗಿದ ಎತ್ತು. ಹೋರಿಗೆ ಜೊತೆಗೆ ನಡೆಯುವುದಷ್ಟೇ ಕೆಲಸ. ನನ್ನ ತಿಳಿವಳಿಕೆಯಲ್ಲಿ ಆಧ್ಯಾತ್ಮಿಕ ಸ್ವಾತಂತ್ರ್ಯವೆಂದರೆ ಇದೇ. ಹಗ್ಗ ಹರಿದುಕೊಂಡು ಓಡುವುದಲ್ಲ, ತಕ್ಕ ಜೊತೆಗಾರನೊಂದಿಗೆ ನಡೆಯುವುದು.

ಇದನ್ನು ಅರಿಯಲು ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ನಿದರ್ಶನವುಂಟು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತಪ್ಪಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಅವರು ಬೇಡಿದ್ದು ಕಾಳುಕಡಿಯಲ್ಲ. ಜನರ ಕುಡಿತವನ್ನು, ದುಶ್ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಹುನಗುಂದ, ಇಳಕಲ್ಲಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಆ ಜೋಳಿಗೆಯ ಬೆಲೆ ಗೊತ್ತು. ಮಠದ ದಾರಿಯೂ ಚರ್ಚಿನ ದಾರಿಯೂ ಒಂದೇ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಎರಡಕ್ಕೂ ಅಗೌರವ. ಆದರೆ ಒಬ್ಬ ಜಂಗಮರು ತೋರಿಸಿಕೊಟ್ಟ ಸತ್ಯ ಕ್ರಿಸ್ಮಸ್ಸಿನ ಅರ್ಥವನ್ನು ನನಗೆ ತಿಳಿಯಾಗಿಸಿತು: ಬಿಡುಗಡೆಯೆಂಬುದು ನಾವು ಪಡೆಯುವುದಕ್ಕಿಂತ ಮೊದಲು ಒಪ್ಪಿಸಿಬಿಡುವಂಥದ್ದು. ಗೋದಲಿಯಲ್ಲಿ ಮಲಗಿದ ಕೂಸು ಚಾಚಿದ ಬರಿಗೈಯೂ ಒಂದು ಜೋಳಿಗೆಯೇ.

ಈಗ ಒಂದು ಕಟುವಾದ ಮಾತು. ಇತ್ತೀಚೆಗೆ ಕ್ರಿಸ್ಮಸ್ ಎಂದೊಡನೆ ಮತಾಂತರದ ವಾದ ಏಳುತ್ತದೆ. ಅಕ್ಕಿ, ಹಣ, ಔಷಧಿಯ ಆಸೆ ತೋರಿಸಿ ತಂದ ನಂಬಿಕೆ ನಂಬಿಕೆಯಲ್ಲ. ಅದು ಇನ್ನೊಂದು ಬಗೆಯ ಸಾಲ. ನಮ್ಮವರೇ ಹಾಗೆ ಮಾಡಿದರೂ ನಾನು ಒಪ್ಪೆನು. ಹಾಗೆಯೇ, ಬಡವನು ನಂಬಿದರೆ ಆಮಿಷಕ್ಕೇ ನಂಬಿದನೆಂಬ ಮಾತನ್ನೂ ಒಪ್ಪೆನು. ಬಡವನಿಗೂ ಅಂತಃಕರಣವುಂಟು, ಅದರ ಸ್ವಾತಂತ್ರ್ಯವನ್ನು ಸಂವಿಧಾನದ 25ನೆಯ ವಿಧಿ ಮನ್ನಿಸಿದೆ. 1914ರಲ್ಲಿ ಮಹಾಯುದ್ಧ ತೊಡಗಿದಾಗ ಮಿಶನ್ನಿನ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು, ದೇಶ ಬಿಟ್ಟರು. ಮಿಶನ್ನಿನ ಕಾರಖಾನೆಗಳು ಪರರ ಪಾಲಾದವು. ಬರೀ ಆಸರೆಗಾಗಿ ಬಂದ ನಂಬಿಕೆಯಾಗಿದ್ದರೆ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಸಭೆಗಳು ಉಳಿದವು.

ಸ್ವತಂತ್ರರಾದವರು ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಬೇಕೆಂದು ಗಲಾತ್ಯದವರಿಗೆ ಪೌಲನು ಬರೆದನು. ಆದ್ದರಿಂದ ಈ ಹಬ್ಬದಲ್ಲಿ ನಿಮ್ಮಿಂದ ನಾನು ಕೇಳುವುದು ಇಷ್ಟೇ. ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರೆ, ಯಾವ ಧರ್ಮದವರೇ ಆಗಿರಿ, ಅವರ ಹೊಸ್ತಿಲು ತುಳಿದು ಬನ್ನಿರಿ. ಮೊದಲು ಯಾರು ಹೋಗಬೇಕೆಂಬ ಲೆಕ್ಕ ಬೇಡ. ಹಗೆಯಷ್ಟು ಭಾರವಾದ ಹೊರೆ ಇನ್ನೊಂದಿಲ್ಲ.

ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.