ಹೊಳೆಗಿಲ್ಲದ ಗಡಿ ಸುದ್ದಿಗೇಕೆ?

2000ದ ಆಗಸ್ಟ್ ತಿಂಗಳ ಮೊದಲ ದಿನ ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರವಾಹಕ್ಕೆ ಬಲಿಯಾದರು. ಸೇತುವೆಗಳು, ರಸ್ತೆಗಳು, ದಡದ ಮನೆಗಳು ಕೊಚ್ಚಿಹೋದವು. ನೀರು ಗಡಿಯಾಚೆಯ ಟಿಬೆಟ್ಟಿನ ಕಡೆಯಿಂದ ಬಂದಿರಬೇಕೆಂಬುದು ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದ ಮೇಲಷ್ಟೇ ಹೊಳೆಯಿತು. ಕಣಿವೆಯವರಿಗೆ ಮುನ್ಸೂಚನೆಯೆಂಬುದೇ ಇರಲಿಲ್ಲ.

ಸ್ಪಿತಿ ನದಿಯನ್ನು ಸೇರುವ ಪಾರೆಚು ಎಂಬ ಹೊಳೆಗೆ 2004ರಲ್ಲಿ ಟಿಬೆಟ್ಟಿನೊಳಗೆ ಗುಡ್ಡ ಕುಸಿದು ಅಡ್ಡ ಬಿತ್ತು. ಹಿಂದೆ ದೊಡ್ಡ ಕೆರೆಯೇ ಕಟ್ಟಿಕೊಂಡಿತು. ಈ ಬಾರಿ ಚೀನಾ ಸುದ್ದಿ ಕೊಟ್ಟಿತು. ಭಾರತ ಉಪಗ್ರಹಗಳ ಮೂಲಕ ಆ ಕೆರೆಯ ಮೇಲೆ ಕಣ್ಣಿಟ್ಟಿತು. 2005ರ ಜೂನ್ 26ರಂದು ಒಡ್ಡು ಒಡೆದಾಗ ಸೇತುವೆಗಳು ಹೋದವು, ನಾಥ್ಪಾ ಝಾಕ್ರಿ ವಿದ್ಯುದಾಗಾರ ನಿಂತಿತು. ದಡದವರನ್ನು ಮೊದಲೇ ಎತ್ತರಕ್ಕೆ ಸಾಗಿಸಿದ್ದರಿಂದ ಜೀವಗಳು ಮಾತ್ರ ಉಳಿದವು.

ಇಂತಹ ಸುದ್ದಿ ತಪ್ಪದೆ ಬರಲೆಂದೇ ಬ್ರಹ್ಮಪುತ್ರದ ಬಗ್ಗೆ 2002ರಲ್ಲಿ, ಸಟ್ಲೆಜ್ ಬಗ್ಗೆ 2005ರಲ್ಲಿ ಭಾರತ ಮತ್ತು ಚೀನಾ ಒಡಂಬಡಿಕೆ ಮಾಡಿಕೊಂಡವು. ಮಳೆಗಾಲದಲ್ಲಿ ಮೇಲ್ಭಾಗದ ಮಾಪನ ಕೇಂದ್ರಗಳ ನೀರಿನ ಮಟ್ಟ, ಹರಿವಿನ ಲೆಕ್ಕ ಕೆಳಗಿನವರಿಗೆ ತಲುಪಬೇಕೆಂಬುದು ಅವುಗಳ ಸಾರ. ಡೋಕ್ಲಾಂ ಬಿಕ್ಕಟ್ಟಿನ ವರ್ಷವಾದ 2017ರಲ್ಲಿ ಲೆಕ್ಕ ಬರಲಿಲ್ಲ. ಮುಂದೆ ಸಟ್ಲೆಜ್ ಒಡಂಬಡಿಕೆಯ ಅವಧಿ 2020ರಲ್ಲಿ, ಬ್ರಹ್ಮಪುತ್ರದ್ದು 2023ರಲ್ಲಿ ಮುಗಿಯಿತು. ತುರ್ತು ಸಂದರ್ಭಗಳಲ್ಲಿ ಮಾಹಿತಿ ಕೊಡಲು ಚೀನಾ 2025ರ ಆಗಸ್ಟಿನಲ್ಲಿ ಒಪ್ಪಿತು. ಆದರೆ ತುರ್ತು ಯಾವುದೆಂದು ತೀರ್ಮಾನಿಸುವವರು ಮೇಲಿನವರು. ದಿನನಿತ್ಯದ ಲೆಕ್ಕವೇ ಇಲ್ಲದೆ ಕೆಳಗಿನವರು ಅಪಾಯವನ್ನು ಯಾವುದರಿಂದ ಅಳೆಯಬೇಕು?

ಚೀನಾವನ್ನು ದೂರುವ ಭಾರತವೂ ಬಾಂಗ್ಲಾದೇಶಕ್ಕೆ ಮೇಲಿನ ಊರೇ. ಗಂಗಾ, ಬ್ರಹ್ಮಪುತ್ರ, ಸಿಂಧೂ ಕೊಳ್ಳಗಳ ಹರಿವಿನ ಅಂಕಿಅಂಶಗಳನ್ನು ಸರ್ಕಾರ ಗೋಪ್ಯವೆಂದು ವರ್ಗೀಕರಿಸುತ್ತ ಬಂದಿದೆ. ಸ್ವದೇಶದ ವಿದ್ಯಾರ್ಥಿಗಳಿಗೂ ಅವು ಸುಲಭವಾಗಿ ದೊರೆಯುವುದಿಲ್ಲ. 2024ರ ಆಗಸ್ಟ್ 21ರಂದು ತ್ರಿಪುರಾದ ಗುಮತಿ ನದಿ ಉಕ್ಕಿದಾಗ ಬಾಂಗ್ಲಾದೇಶಕ್ಕೆ ಮಧ್ಯಾಹ್ನ 3 ಗಂಟೆಯವರೆಗಿನ ಲೆಕ್ಕ ಹೋಗಿತ್ತು. ಸಂಜೆ 6ಕ್ಕೆ ವಿದ್ಯುತ್ ಕಡಿತದಿಂದ ಸಂಪರ್ಕಕ್ಕೆ ತೊಡಕಾಯಿತೆಂದು ಭಾರತವೇ ಹೇಳಿತು. ಜೋರು ಮಳೆಗೆ ಕರೆಂಟು ಹೋಗುತ್ತದೆಂಬುದು ಮಲೆನಾಡಿನ ಶಾಲೆಯ ಮಕ್ಕಳಿಗೂ ಗೊತ್ತು. ನೆರೆಯ ಸುದ್ದಿ ಕೊಡಬೇಕಾದ ವ್ಯವಸ್ಥೆ ಅದೇ ನೆರೆಗೆ ಮೂಕವಾಗುವುದು ಎಂತಹ ಏರ್ಪಾಡು!

ಮನಸ್ಸಿದ್ದರೆ ದಾರಿಯಿದೆ ಎಂಬುದಕ್ಕೂ ಇತ್ತೀಚಿನ ನಿದರ್ಶನವಿದೆ. 1960ರ ಸಿಂಧೂ ಒಪ್ಪಂದವನ್ನು 2025ರ ಏಪ್ರಿಲಿನಲ್ಲಿ ಅಮಾನತಿನಲ್ಲಿಟ್ಟ ಭಾರತ, ಆಗಸ್ಟಿನಲ್ಲಿ ತಾವಿ ನದಿಯ ಪ್ರವಾಹದ ಎಚ್ಚರಿಕೆಯನ್ನು ಹೈಕಮಿಷನ್ ಮೂಲಕ ಪಾಕಿಸ್ತಾನಕ್ಕೆ ತಲುಪಿಸಿತು. ಇಷ್ಟು ವೈರದ ನಡುವೆ ಅದು ಸಾಧ್ಯವಾದ ಮೇಲೆ, ನೆರೆಯ ಮುನ್ಸೂಚನೆಯನ್ನು ನೀರು ಹಂಚಿಕೆಯ ಜಗಳದಿಂದಲೂ ಗಡಿಯ ಜಗಳದಿಂದಲೂ ಬೇರ್ಪಡಿಸಲು ಅಡ್ಡಿಯೇನು? ಸಟ್ಲೆಜ್ ಮತ್ತು ಬ್ರಹ್ಮಪುತ್ರದ ಒಡಂಬಡಿಕೆಗಳಿಗೆ ಮತ್ತೆ ಸಹಿ ಬೀಳಬೇಕು. ಬಂದ ಲೆಕ್ಕ ದೆಹಲಿಯ ಕಡತದಲ್ಲಿ ಉಳಿಯದೆ ಅದೇ ದಿನ ಕಣಿವೆಯ ಪಂಚಾಯಿತಿ ಫಲಕಕ್ಕೆ ಏರಬೇಕೆಂಬ ಷರತ್ತನ್ನೂ ಸರ್ಕಾರ ತನಗೆ ತಾನೇ ವಿಧಿಸಿಕೊಳ್ಳಬೇಕು.